ಅಥಾತೋ ಶವಜಿಜ್ಞಾಸಾ: ಅರ್ಧ ತಾಸಿನ ಪತ್ತೇದಾರಿ ಕಂತಿನ ಕುಲಗೋಡ ಮೂಲ

ಟಿ.ವಿ.ಯ ಅರ್ಧ ತಾಸಿನ ಪತ್ತೇದಾರಿ ಕಂತು ಎಲ್ಲಿ ಹುಟ್ಟಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಬರೆಯುವ ಆಸೆ ನನಗಿತ್ತು. ವಿದ್ವಾಂಸರು ಈ ವಿಷಯದ ತಂಟೆಗೇ ಹೋಗದ್ದರಿಂದ ಭಿನ್ನಾಭಿಪ್ರಾಯವನ್ನೂ ನಾನೇ ಒದಗಿಸಬೇಕಾಗಿದೆ. ಪೂರ್ವಪಕ್ಷ ಇದು: ಪತ್ತೇದಾರಿ ಲಂಡನ್ನಿನಲ್ಲಿ ಬೆಳೆಯಿತು, ಕಲಕತ್ತೆಯಲ್ಲಿ ಧೋತರ ಉಟ್ಟಿತು, ಮುಂಬೈಯಲ್ಲಿ ಬಾಗಿಲು ಒಡೆಯಲು ಕಲಿಯಿತು. ಸಿದ್ಧಾಂತ ಇದು: ಅದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಕುಲಗೋಡದಲ್ಲಿ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿದ ಊರು. ಒಪ್ಪುವವರು ಇಲ್ಲಿಗೇ ಏಳಬಹುದು. ಒಪ್ಪದವರು ಪೂರ್ತಿ ಓದತಕ್ಕದ್ದು.

ಮೊದಲು ಲಕ್ಷಣ. ಟಿ.ವಿ.ಯಲ್ಲಿ ಅರ್ಧ ತಾಸು ಅಂದರೆ 22 ನಿಮಿಷ. ಉಳಿದದ್ದು ಸೋಪಿನ ಪುಡಿಗೂ ಸಿಮೆಂಟಿಗೂ ಸಂದದ್ದು. ಎರಡನೇ ನಿಮಿಷದೊಳಗೆ ಹೆಣ ಬೀಳಬೇಕು. ಅದನ್ನು ಮೊದಲು ಕಾಣುವ ಹಕ್ಕು ಹಾಲಿನವನದು. ಅವನು ರಜೆಯಲ್ಲಿದ್ದರೆ ಬೆಳಗಿನ ವಾಕಿಂಗಿಗೆ ಹೊರಟ ಪಿಂಚಣಿದಾರನದು. ಕೊಲೆಯನ್ನು ಮಾತ್ರ ತೋರಿಸುವಂತಿಲ್ಲ. ಗೋಡೆಯ ಮೇಲೊಂದು ನೆರಳು, ಒಂದು ಕೈಗವಸು, ಒಂದು ಚೀರಾಟ, ಪಟಪಟನೆ ಹಾರುವ ಪಾರಿವಾಳ, ಅಷ್ಟೆ. ಇದು ಖರ್ಚು ಉಳಿಸುವ ಉಪಾಯ ಎಂದು ಅಲ್ಪಮತಿಗಳು ತಿಳಿದಿದ್ದಾರೆ. ರಂಗದ ಮೇಲೆ ಸಾವು ಕಾಣಬಾರದು ಎಂಬ ನಾಟ್ಯಶಾಸ್ತ್ರದ ಪರಂಪರೆಯನ್ನು ಇಂದಿಗೂ ಕಟ್ಟುನಿಟ್ಟಾಗಿ ಪಾಲಿಸುತ್ತಿರುವವರು ಕ್ರೈಂ ಧಾರಾವಾಹಿಯವರು ಮಾತ್ರ ಎಂಬುದು ಅವರಿಗೆ ಹೊಳೆದಿಲ್ಲ.

ಭರತಮುನಿಯ ಐದು ಸಂಧಿಗಳೂ ಇಲ್ಲಿ ಸಲೀಸಾಗಿ ಕೂಡುತ್ತವೆ. ಹೆಣ ಸಿಗುವುದು ಮುಖ. ಇನ್ಸ್‌ಪೆಕ್ಟರ್ ತಪ್ಪು ಮನುಷ್ಯನನ್ನು ಹಿಡಿದು ಜೀಪಿಗೆ ಹತ್ತಿಸುವುದು ಪ್ರತಿಮುಖ. ಬೀಜ ಒಮ್ಮೆ ಕಂಡು ಒಮ್ಮೆ ಮರೆಯಾಗುವುದು ಗರ್ಭ. ಇದರ ಪ್ರಾತ್ಯಕ್ಷಿಕೆ ಬೇಕಾದವರು ಹುಕ್ಕೇರಿ ತಾಲೂಕಿನ ಹಿಡಕಲ್ ಹಿನ್ನೀರಿಗೆ ಹೋಗಬೇಕು. ಅಲ್ಲಿಯ ಹುನ್ನೂರಿನ ವಿಠ್ಠಲ ದೇವಾಲಯ ಜಲಾಶಯ ತುಂಬಿದಾಗ ಮುಳುಗಿ, ನೀರಿಳಿದಾಗ ಏಳುತ್ತದೆ. ಪತ್ತೇದಾರ ಕಿಟಕಿಯ ಬಳಿ ನಿಂತು ಏನನ್ನೂ ನೋಡದೆ ಹೊರಗೆ ನೋಡುವುದು ವಿಮರ್ಶ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂಡಿಸಿ ಒಬ್ಬೊಬ್ಬರತ್ತ ಬೆರಳು ತಿರುಗಿಸುವುದು ನಿರ್ವಹಣ. ಆರನೆಯ ಸಂಧಿಯೊಂದಿದೆ, ಬೆರಳು ಇನ್ನೇನು ನಿಲ್ಲಬೇಕು ಎನ್ನುವಾಗ ಬರುವ ಜಾಹೀರಾತು. ಮುನಿಗೆ ಪ್ರಾಯೋಜಕರಿರಲಿಲ್ಲವಾಗಿ ಅದು ಅವನ ಪಟ್ಟಿಯಲ್ಲಿಲ್ಲ.

ಕೊಲೆಗಾರನನ್ನು ಗುರುತಿಸುವ ವಿಧಾನ ಸುಲಭ. ದಿನವೂ ಕಾಣದ, ಆದರೆ ಎಲ್ಲೋ ಕಂಡ ಮುಖದ ನಟ ಅಂದು ಮೃತನ ಭಾವಮೈದುನನಾಗಿ ಬಂದು ಬಿಕ್ಕಿ ಬಿಕ್ಕಿ ಅತ್ತರೆ, ಅವನೇ. ಬರಿಯ ಕಣ್ಣೀರಿಗೆ ಅಷ್ಟು ಸಂಭಾವನೆಯ ನಟನನ್ನು ಯಾರೂ ಕರೆಸುವುದಿಲ್ಲ. ನಮ್ಮ ಕಡೆಯ ಹೆಂಗಸರು ರೊಟ್ಟಿ ಬಡಿಯುತ್ತಲೇ, ಪಡಸಾಲೆಯತ್ತ ತಿರುಗಿಯೂ ನೋಡದೆ, "ಅವನ ಬಿಡ್ರಿ, ಅಳೂದ ನೋಡಿದ್ರ ತಿಳೀತದ" ಎಂದುಬಿಡುತ್ತಾರೆ. ಪತ್ತೇದಾರನಿಗೆ ಇನ್ನೂ ಹದಿನಾಲ್ಕು ನಿಮಿಷ ಬೇಕು.

ಇನ್ನು ಕುಲಗೋಡಕ್ಕೆ ಬರೋಣ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು ಆಟಕ್ಕೆ ಹದಗೊಳಿಸಿ ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರಿಂದ ಇದು ನಾಡಿಗೆಲ್ಲ ಹೆಸರಾಯಿತು. ಭಕ್ತರು ಇದನ್ನು ಭಕ್ತಿಯ ಆಟ ಎನ್ನುತ್ತಾರೆ, ರಸಿಕರು ಶೃಂಗಾರ ಎನ್ನುತ್ತಾರೆ. ಪ್ರಕರಣದ ಕಾಗದ ಬಿಚ್ಚಿ ನೋಡಿದವರು ಯಾರೂ ಇಲ್ಲ. ಸಂಗತಿ ಇಷ್ಟು: ನಾರದ ದೇವಲೋಕದ ಒಂದು ಹೂ ತರುತ್ತಾನೆ. ಹೂ ಒಂದೇ, ಹೆಂಡಂದಿರು ಒಬ್ಬರಿಗಿಂತ ಹೆಚ್ಚು. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಮುದ್ದೆಮಾಲು ಪಾರಿಜಾತ. ಫಿರ್ಯಾದಿ ಭಾಮೆ. ಬಾತ್ಮೀದಾರ ನಾರದ. ಆರೋಪಿಗೆ ಹೆಸರು ಸಾವಿರ. ವಾರಂಟು ಯಾವ ಹೆಸರಿಗೆ ಹೊರಡಿಸಬೇಕು ಎಂಬುದೇ ತೊಡಕು.

ವಿಚಾರಣೆಯ ಕಟ್ಟುಪಾಡು ಗಮನಿಸಿ. ಯಾವ ಪಾತ್ರ ಬಂದರೂ ಭಾಗವತ ಎದುರಿಗೆ ನಿಂತು ಯಾರು, ಯಾವೂರು, ಬಂದ ಕಾರಣವೇನು ಎಂದು ಬಾಯಿಬಿಡಿಸದೆ ಮುಂದೆ ಬಿಡುವುದಿಲ್ಲ. ದೇವರಾದರೂ ಅಷ್ಟೆ, ಹೆಸರು ಹೇಳಿಯೇ ಒಳಗೆ ಬರಬೇಕು. 1985ರಲ್ಲಿ ದೂರದರ್ಶನದಲ್ಲಿ ಗಜ್ಜರಿ ಕಡಿಯುತ್ತ ಬಂದ ಪತ್ತೇದಾರ ಕರಮಚಂದ್ ತನ್ನ ಜತೆಗೆ ಸಹಾಯಕಿ ಕಿಟ್ಟಿಯನ್ನು ಇಟ್ಟುಕೊಂಡದ್ದು ಏಕೆ? ನಮಗೆ ತಿಳಿಯದ್ದನ್ನು ನಮ್ಮ ಪರವಾಗಿ ಕೇಳಿ ಬೈಸಿಕೊಳ್ಳಲು. ಆ ಕೆಲಸವನ್ನು ಪಾರಿಜಾತದ ದೂತಿ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾಳೆ. ವ್ಯತ್ಯಾಸವೆಂದರೆ ದೂತಿ ಬೈಸಿಕೊಳ್ಳುವವಳಲ್ಲ, ತಿರುಗಿ ಎರಡು ಅನ್ನುವವಳು. ವೇಷ ಮರೆಸಿಕೊಂಡು ಮನೆಯೊಳಗೆ ಹೊಗುವ ತಂತ್ರವೂ ಇದೆ: ಕೃಷ್ಣ ಕೊರವಂಜಿಯಾಗಿ ಬರುತ್ತಾನೆ. ಬರೀ ಗಡ್ಡ ಅಂಟಿಸಿಕೊಂಡು ಗುರುತು ಸಿಗಲಾರದೆಂದು ನಂಬುವ ಈಗಿನ ಪತ್ತೇದಾರರು ನಾಚಬೇಕು.

ಆಕ್ಷೇಪ: ಇವೆಲ್ಲ ಕಾಕತಾಳೀಯ. ಸಮಾಧಾನ: ಹಾಗಾದರೆ 1998ರಲ್ಲಿ ಸೋನಿ ಟಿ.ವಿ.ಯಲ್ಲಿ ಶುರುವಾದ 'ಸಿಐಡಿ'ಯ ಮುಖ್ಯಸ್ಥನ ಹೆಸರೇನು? ಎಸಿಪಿ ಪ್ರದ್ಯುಮ್ನ. ಪ್ರದ್ಯುಮ್ನ ಯಾರ ಮಗ? ಕೃಷ್ಣ-ರುಕ್ಮಿಣಿಯರ ಮಗ. ಅಂದರೆ ಹೂವಿನ ಪ್ರಕರಣದ ಆರೋಪಿಗೂ ಮುದ್ದೆಮಾಲು ಸ್ವೀಕರಿಸಿದವಳಿಗೂ ಹುಟ್ಟಿದ ಮಗ ಮುಂದೆ ಇಲಾಖೆ ಸೇರಿ, ಏನೋ ಗಡಬಡ ಇದೆ ಎಂದು ಬೆರಳು ತಿರುಗಿಸುತ್ತ ತಂದೆಯ ಕೇಸಿನ ಸುತ್ತ ಇಪ್ಪತ್ತು ವರ್ಷ ಓಡಾಡಿದ್ದಾನೆ. ಮತ್ತೂ ಆಕ್ಷೇಪ: ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಕನ್ನಡಿಗರಿಗೆ ಬಸ್ ಸ್ಟ್ಯಾಂಡಿನಲ್ಲಿ ಓದುವ ಚಟ ಹತ್ತಿಸಿದ ಎನ್. ನರಸಿಂಹಯ್ಯನವರನ್ನು ಎಲ್ಲಿ ಇಡುತ್ತೀರಿ? ಅವರ ಪತ್ತೇದಾರರ ಹೆಸರು ಪುರುಷೋತ್ತಮ, ಮಧುಸೂದನ. ಇಬ್ಬರೂ ಯಾರೆಂದು ಸಹಸ್ರನಾಮ ಓದುವ ಅಜ್ಜಿಯನ್ನು ಕೇಳಿ. ಆರೋಪಿಯೇ ಹೆಸರು ಬದಲಿಸಿ ತನಿಖೆಗೆ ಇಳಿದಿದ್ದಾನೆ. ಇದಕ್ಕಿಂತ ದೊಡ್ಡ ತಿರುವನ್ನು ಯಾವ ಚಾನೆಲ್ಲೂ ಕೊಟ್ಟಿಲ್ಲ.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ವಿಧಿಸಿದ. ದೈವಶಕ್ತಿ ಬರಬಾರದು ಎಂದ. ನಮ್ಮಲ್ಲಿ ಬಾತ್ಮೀದಾರನೇ ಆಕಾಶಮಾರ್ಗದಲ್ಲಿ ಬರುತ್ತಾನೆ. ಒಂದೇ ತೆರನಾದ ಇಬ್ಬರು ಮುನ್ಸೂಚನೆಯಿಲ್ಲದೆ ಬರಬಾರದು ಎಂದ. ನಮ್ಮಲ್ಲಿ ಕರ್ತೃಗಳೇ ಇಬ್ಬರು ತಮ್ಮಣ್ಣಂದಿರು. ಗುಪ್ತಮಾರ್ಗ ಒಂದಕ್ಕಿಂತ ಹೆಚ್ಚು ಇರಬಾರದು ಎಂದ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ, ಮತ್ತು ಉತ್ತರ ಕರ್ನಾಟಕದ ಯಾವ ಹಳೆಯ ಕಟ್ಟಡದ ಪಕ್ಕದಲ್ಲಿ ನಿಂತರೂ ಇಲ್ಲಿಂದ ವಿಜಯಪುರಕ್ಕೆ ಸುರಂಗ ಇದೆ ಎಂದು ಹೇಳುವ ಹಿರಿಯರೊಬ್ಬರು ಎದುರಾಗುತ್ತಾರೆ. ಎಲ್ಲ ಸುರಂಗ ಲೆಕ್ಕ ಹಿಡಿದರೆ ಪಾದ್ರಿಗೆ ಎದೆ ಒಡೆಯುತ್ತಿತ್ತು. ದಾರಿ ತಪ್ಪಿಸುವ ಸುಳಿವಿನಲ್ಲೂ ನಮ್ಮನ್ನು ಮೀರಿಸುವವರಿಲ್ಲ. ಗೋಕಾಕ ಚಳವಳಿ ಗೋಕಾಕದಲ್ಲಿ ನಡೆದದ್ದೆಂದು ತಿಳಿದು ಬಂದವರಿಗೆ, ಅದು ವಿ.ಕೃ. ಗೋಕಾಕರ ವರದಿಯ ಹೆಸರು, ಅವರು ಹುಟ್ಟಿದ್ದು ಸವಣೂರಿನಲ್ಲಿ ಎಂದು ನಾವು ಚಹಾ ಮುಗಿಯುವವರೆಗೆ ಹೇಳುವುದಿಲ್ಲ.

ಜಲಪಾತದ ವಿಷಯ ಸ್ವಲ್ಪ ತಾಂತ್ರಿಕವಾದದ್ದು, ಆದರೆ ಬಿಡಲಾಗದು. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತಕ್ಕೆ ಕಳಿಸಿ, ಓದುಗರ ಗದ್ದಲ ತಾಳಲಾರದೆ 1903ರಲ್ಲಿ ತಿರುಗಿ ಕರೆತಂದ. ಹೆಣ ಸಿಗದಿದ್ದರಿಂದ ಇದು ಸಾಧ್ಯವಾಯಿತು. ಇದನ್ನೇ ಗೋಕಾಕ ಫಾಲ್ಸಿನಲ್ಲಿ ಮಾಡಿದ್ದರೆ? ಎತ್ತರ 52 ಮೀಟರು, ತೂಗುಸೇತುವೆ ಇದೆ, 1885ರ ಗಿರಣಿ ಪಕ್ಕದಲ್ಲೇ ಇದೆ. ದೃಶ್ಯಕ್ಕೆ ಯಾವ ಕೊರತೆಯೂ ಇಲ್ಲ. ಕೊರತೆ ನೀರಿನದು. ಘಟಪ್ರಭೆಯನ್ನು ಮೇಲೆ ಹಿಡಕಲ್ ಜಲಾಶಯ ತಡೆದಿದೆ, ನಡುವೆ ಧೂಪದಾಳದ ಒಡ್ಡು ಕಾಲುವೆಗೆ ತಿರುಗಿಸುತ್ತದೆ. ಮಾರ್ಚ್ ತಿಂಗಳಲ್ಲಿ ಹೋಮ್ಸ್‌ನ ವೈರಿ ಮೋರಿಯಾರ್ಟಿಯನ್ನು ತಳ್ಳಿದರೆ ಅವನು ಬೀಳುವುದು ಬೋಳು ಬಂಡೆಯ ಮೇಲೆ. ಹೆಣ ಅಲ್ಲೇ ಕಾಣುತ್ತದೆ, ಪಂಚನಾಮೆ ಆಗುತ್ತದೆ, ಕಥೆ ಮುಗಿಯುತ್ತದೆ. ನಾಯಕನನ್ನು ಹತ್ತು ವರ್ಷದ ನಂತರ ಬದುಕಿಸುವ ಇರಾದೆಯಿದ್ದವರು ಮಳೆಗಾಲ ನೋಡಿಕೊಂಡೇ ತಳ್ಳಬೇಕು. ನೀರಾವರಿ ಇಲಾಖೆಗೂ ಕಥನಶಾಸ್ತ್ರಕ್ಕೂ ಇರುವ ಈ ಸಂಬಂಧವನ್ನು ವಿಶ್ವವಿದ್ಯಾಲಯಗಳು ಇನ್ನೂ ಕೈಗೆತ್ತಿಕೊಂಡಿಲ್ಲ.

22 ನಿಮಿಷದ ಕಂತು ಹುಟ್ಟಿದೂರಲ್ಲೇ ಬಾಳಲಾರದ್ದಕ್ಕೆ ಮಾತ್ರ ಕಾರಣ ಬೇರೆ. ಪತ್ತೇದಾರ ಮೂಡಲಗಿಯ ಒಂದು ಮನೆಗೆ ಸಾಕ್ಷಿ ಹೇಳಿಕೆಗೆ ಹೋದನೆನ್ನಿ. ಹೊಸ್ತಿಲಲ್ಲಿ ಕಾಲಿಡುವ ಮುನ್ನವೇ ಒಳಗಿನಿಂದ ಒಂದು ಚರಿಗೆ ನೀರು ಬರುತ್ತದೆ. "ಬರ್ರಿ, ಕುಂಡ್ರ್ರಿ, ಮದ್ಲ ನೀರ ಕುಡೀರಿ." ಕೊಲೆಯಾದ ರಾತ್ರಿ ಎಲ್ಲಿದ್ದಿರಿ ಎಂದು ಕೇಳಿದರೆ, "ಚಾ ಆಗ್ಲಿ ತಡೀರಿ, ಅದೇನು ಓಡಿ ಹೊಕ್ಕೇತೇನು?" ಚಹಾ ಬೇಡವೆಂದರೆ ಅರ್ಧ ಕಪ್ಪು; ಅದೂ ಬೇಡವೆಂದರೆ ಮುನಿಸು; ಮುನಿಸಿದ ಸಾಕ್ಷಿ ಬಾಯಿ ಬಿಡುವುದಿಲ್ಲ. ಸತ್ತವನ ಪರಿಚಯವಿತ್ತೇ ಎಂದರೆ ಬರುವ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. "ಅವ ನಮ್ಮ ಸಣ್ಣ ಕಾಕಾನ ಬೀಗರ ಪೈಕಿ. ಆ ಬೀಗರು ಅಂದ್ರ..." ಇಲ್ಲಿಗೆ ಹದಿನೆಂಟು ನಿಮಿಷ. ಗೋಕಾಕದಲ್ಲಾದರೆ ತಟ್ಟೆಯಲ್ಲಿ ಕರದಂಟೂ ಇರುತ್ತದೆ. ಬೆಲ್ಲ, ಅಂಟು, ಗೋಡಂಬಿ ಹಲ್ಲಿಗೆ ಹಿಡಿದ ಮೇಲೆ ಪ್ರಶ್ನೆ ಕೇಳುವವನಿಗೂ ಉತ್ತರಿಸುವವನಿಗೂ ಬಾಯಿ ಕಟ್ಟಿದಂತೆಯೇ. ಅಮೀನಗಡದ ಕರದಂಟು ಚಲೋ ಎಂದು ಪತ್ತೇದಾರ ಬಾಯಿತಪ್ಪಿ ಅಂದರೆ ವಿಚಾರಣೆ ಅವನ ಮೇಲೆಯೇ ತಿರುಗುತ್ತದೆ.

ಪಾರಿಜಾತ ರಾತ್ರಿಯಿಡೀ ನಡೆಯುವುದು ಇದಕ್ಕೇ. ಹೂ ಯಾರ ಕೈ ಸೇರಿತು ಎಂಬುದು ಬಂದು ಕೂತವರಿಗೆಲ್ಲ ಗೊತ್ತಿದೆ; ಹೋದ ವರ್ಷವೂ ಗೊತ್ತಿತ್ತು. ಆದರೂ ಕಂಬಳಿ ಹೊದ್ದು ಬೆಳಗಿನ ತನಕ ಕೂಡುತ್ತಾರೆ. ಗೊತ್ತಿದ್ದದ್ದನ್ನು ಭಾಮೆಯ ಬಾಯಿಂದ ಕೇಳಬೇಕು, ದೂತಿ ಅದಕ್ಕೆ ಏನನ್ನುತ್ತಾಳೆ ನೋಡಬೇಕು. ಟಿ.ವಿ.ಯವರು ಇದರಿಂದ ಭಾಗವತನ ಪ್ರಶ್ನೆಯನ್ನು ಕದ್ದರು, ದೂತಿಯನ್ನು ಕದ್ದರು, ಕೊರವಂಜಿಯ ವೇಷ ಕದ್ದರು. ರಾತ್ರಿಯನ್ನು ಮಾತ್ರ ಅಲ್ಲೇ ಬಿಟ್ಟು ಓಡಿದರು.

ಕೊನೆಗೆ ವಿದ್ಯುತ್ತಿನ ಪ್ರಶ್ನೆ. ಗೋಕಾಕ ಫಾಲ್ಸಿನಲ್ಲಿ ವಿದ್ಯುತ್ ಹುಟ್ಟಿದ್ದು 1887ರಲ್ಲಿ; ಕರಮಚಂದ್ ಬರಲು ನಾವು 98 ವರ್ಷ ಕಾದೆವು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಅಲ್ಲಿ ಸೀರಿಯಲ್ ನೋಡುವ ಸದಸ್ಯ ಕರೆಂಟಿನಲ್ಲೂ ಪಾಲುದಾರ, ಆದ್ದರಿಂದ ಕುತೂಹಲದಲ್ಲೂ ಷೇರುದಾರ. ಕೊಲೆಗಾರ ಯಾರೆಂದು ಮುಂಚೆಯೇ ತಿಳಿಯುವ ಹಕ್ಕನ್ನು ಅವರು ವಾರ್ಷಿಕ ಸಭೆಯಲ್ಲಿ ಮಂಡಿಸಬಹುದೆಂದು ನನ್ನ ಅಭಿಪ್ರಾಯ.

ಈ ಸಿದ್ಧಾಂತವನ್ನು ಓದಿ ಈ ಭಾಗದಲ್ಲಿ ಪತ್ತೇದಾರಿ ಧಾರಾವಾಹಿ ತೆಗೆಯಲು ಹೊರಡುವ ನಿರ್ಮಾಪಕರಲ್ಲಿ ವಿನಂತಿ: ಜಲಪಾತದ ದೃಶ್ಯಕ್ಕೆ ಆಗಸ್ಟಿನಲ್ಲಿ ಬನ್ನಿ. ಬಾಗಿಲು ಒಡೆಯುವ ದೃಶ್ಯಕ್ಕೆ ನಿಮ್ಮ ಬಾಗಿಲು ನೀವೇ ತನ್ನಿ. ಇಲ್ಲಿಯ ವಾಡೆಗಳದು ಸಾಗವಾನಿ, 'ಸಿಐಡಿ'ಯಲ್ಲಿ ಬಾಗಿಲು ಒಡೆಯುವ ದಯಾನಂದ ಶೆಟ್ಟರ ಹೆಗಲಿಗೂ ಜಗ್ಗುವುದಲ್ಲ. ಸಾಕ್ಷಿಗಳ ಪಾತ್ರಕ್ಕೆ ಊರವರನ್ನೇ ಹಾಕಿಕೊಳ್ಳುವುದಾದರೆ ಚಾನೆಲ್ಲಿನವರಿಗೆ ಮೊದಲೇ ಹೇಳಿ ಒಂದು ರಾತ್ರಿಯ ಸ್ಲಾಟ್ ಹಿಡಿದುಕೊಂಡು ಬನ್ನಿ.