ಲಾಸ್ಟ್ ಎಷ್ಟು, ಗೌಡ್ರೇ?

ಕೆಂಗೇರಿಯ ಗೌಡರು ಮೊಬೈಲಲ್ಲಿ ಜಾಹೀರಾತು ಹಾಕಿದರು: ‘ಹಳ್ಳಿಕಾರ್ ಹಸು, ಎರಡನೇ ಸೂಲು, 70,000 ರೂಪಾಯಿ.’ ಬಡಾವಣೆ ಬಡಾವಣೆಯಿಂದ ಫೋನು ಬಡಿದುಕೊಳ್ಳತೊಡಗಿತು.

ವಿಜಯನಗರ: ಹಸು ಇದೆಯಾ? ಲಾಸ್ಟ್ ಎಷ್ಟು?

ಗೌಡರು: ಮೊದಲು ಬಂದು ನೋಡಿ ಸ್ವಾಮಿ.

ವಿಜಯನಗರ: ಫೋಟೊ ನೋಡಿದೆ. ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ. ಮುದಿ ಹಸು; 30 ಸಾವಿರ.

ಗೌಡರು: ದನಕ್ಕೆ ಮೇಲೆ ಮುಂದಿನ ಹಲ್ಲು ಹುಟ್ಟೋದೇ ಇಲ್ಲ. ಕೆಳಗಿನ 8 ಎಣಿಸಿ.

ವಿಜಯನಗರ: ಹಾಗಾದರೆ ಅರ್ಧ ಬಾಯಿಗೆ ಅರ್ಧ ಬೆಲೆ!

ಬಸವೇಶ್ವರನಗರ: ದಿನಕ್ಕೆ 15 ಲೀಟರ್ ಕರೆಯುತ್ತಾ?

ಗೌಡರು: ಹಳ್ಳಿಕಾರ್ ಉಳುಮೆಯ ತಳಿ ಸ್ವಾಮಿ. ಕರು ಕುಡಿದು ಮಿಕ್ಕಿದ್ದು ನಿಮಗೆ.

ಬಸವೇಶ್ವರನಗರ: ಕರು ಆಫರ್‌ನಲ್ಲಿ ಫ್ರೀ ತಾನೇ?

ರಾಜಾಜಿನಗರ: ಗೃಹಪ್ರವೇಶಕ್ಕೆ ಬೇಕು. ಮೂರನೇ ಮಹಡಿ. ಲಿಫ್ಟ್‌ನಲ್ಲಿ ಗಲಾಟೆ ಮಾಡಲ್ಲ ತಾನೇ?

ಗೌಡರು: ಮಾರಾಟಕ್ಕಿದೆ, ಬಾಡಿಗೆಗಲ್ಲ.

ರಾಜಾಜಿನಗರ: ಕೊಳ್ತೀವಿ. ಸಂಜೆಗೆ ರಿಟರ್ನ್.

ಅನಾಮಿಕ: ನಾನು ಸೈನ್ಯದಲ್ಲಿದ್ದೇನೆ. ಕ್ಯೂಆರ್ ಕೋಡ್ ಕಳಿಸಿದ್ದೇನೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ.

ಗೌಡರು: ಬರೋ ದುಡ್ಡಿಗೆ ಪಿನ್ ಯಾಕಪ್ಪಾ? ನನ್ನ ಹಸುವಿನ ಕಿವಿಯಲ್ಲಿ 12 ಅಂಕಿಯ ಬಿಲ್ಲೆ ಇದೆ. ನಿನಗೇನಿದೆ ಗುರುತು?

ಫೋನ್ ಕಟ್.

ಹೆಂಡತಿ: ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೇ ಹೊಡ್ಕೊಂಡು ಹೋಗಿ. ಆದ್ರೆ ಅಲ್ಲೂ ಮೋಸ ಇರಲ್ವಾ?

ಗೌಡರು: ಇದೆ ಕಣೇ. ಆದರೆ ಅಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಮೋಸಗಾರನ ಕೈಯಾದರೂ ಕೈಗೆ ಸಿಗುತ್ತೆ!