ಕೂಗಾಡಿ, ಬರೆದು ಮಾತ್ರ ಕೇಳಬೇಡಿ

ಹೊಸೂರು ರಸ್ತೆಯಲ್ಲಿ ಸಿಗದ ಚಿಕಿತ್ಸೆಯೇ ಇಲ್ಲ. ತಲೆಗೆ ನಿಮ್ಹಾನ್ಸ್, ಅದರ ಮಗ್ಗುಲಲ್ಲೇ ಕ್ಯಾನ್ಸರಿಗೆ ಕಿದ್ವಾಯಿ, ಮಡಿವಾಳದ ಹತ್ತಿರ ಸೇಂಟ್ ಜಾನ್ಸ್, ಬೊಮ್ಮಸಂದ್ರಕ್ಕೆ ಬಂದರೆ ನಾರಾಯಣ ಹೃದಯಾಲಯ. ದಾರಿಯಲ್ಲಿ ಒಳಕ್ಕೆ ತಿರುಗಿದರೆ ಪರಪ್ಪನ ಅಗ್ರಹಾರದ ಜೈಲು; ಅಲ್ಲಿಗೆ ಹೋದ ದೊಡ್ಡವರಿಗೆ ಎದೆನೋವು ಬರುವುದು ವಾಡಿಕೆಯಾದ್ದರಿಂದ ಅದನ್ನೂ ಈ ಪಟ್ಟಿಗೆ ಸೇರಿಸಬಹುದು. ಇಷ್ಟನ್ನೆಲ್ಲ ಪೋಣಿಸಿಕೊಂಡು ಬರುವ ರಸ್ತೆ ಹೊಸೂರನ್ನು ಮುಟ್ಟುವ ಹೊತ್ತಿಗೆ ರಾಜ್ಯ ಬದಲಾಗಿರುತ್ತದೆ, ರೇಷನ್ ಕಾರ್ಡಿನ ಲಿಪಿ ಬದಲಾಗಿರುತ್ತದೆ, ಇನ್ಷೂರೆನ್ಸ್ ಕಾರ್ಡು ಯಾವ ಮುಖ್ಯಮಂತ್ರಿಯ ಕೃಪೆ ಎಂಬುದೂ ಬದಲಾಗಿರುತ್ತದೆ.

ಹಾಗಾಗಿ ತಳಿ, ಡೆಂಕಣಿಕೋಟೆ, ಬಾಗಲೂರು ಸೀಮೆಯ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದರೆ ಮೊದಲು ಹುಟ್ಟುವ ಪ್ರಶ್ನೆ ದಿಕ್ಕಿನದು. ಹೊಸೂರಿನ ಸರ್ಕಾರಿ ಆಸ್ಪತ್ರೆ ಜಿಎಚ್‌ಗೋ, ಕೃಷ್ಣಗಿರಿ ಮೆಡಿಕಲ್ ಕಾಲೇಜಿಗೋ, ಅತ್ತಿಬೆಲೆ ದಾಟುವುದೋ? ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾಯಿತು. ಪ್ರಧಾನಿಯವರು ಅವತ್ತು ವಿಡಿಯೊ ಮೂಲಕವೇ ತಮಿಳುನಾಡಿನ 11 ಕಾಲೇಜುಗಳಿಗೆ ಒಂದೇ ಏಟಿಗೆ ಚಾಲನೆ ಕೊಟ್ಟರು. ಇದೆಲ್ಲ ಸರಿ, ಆದರೆ ತಾತನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು ಅಂತ ನೆಂಟರ ಮುಂದೆ ಹೇಳುವುದು ಹೇಗೆ?

ತಳಿ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ಎಪ್ಪತ್ತು ದಾಟಿದ ತಾತ, ಬಿಪಿಯೂ ಇದೆ, ಶುಗರೂ ಇದೆ. ಈ ಕೃಷ್ಣಗಿರಿ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಗ್ಗಳಿಕೆ ಉಂಟು. ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆಯನ್ನು ಮುಖ್ಯಮಂತ್ರಿ ಸ್ಟಾಲಿನ್ 2021ರ ಆಗಸ್ಟ್ 5ರಂದು ಶುರು ಮಾಡಿದ್ದು ಇಲ್ಲೇ, ಶೂಲಗಿರಿ ಬಳಿಯ ಸಾಮನಪಳ್ಳಿಯಲ್ಲಿ. ಊರಿನ ಹೆಣ್ಣುಮಗಳೊಬ್ಬಳು ಬಿಪಿ, ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೇ ತಂದುಕೊಡುತ್ತಾಳೆ. ನಮ್ಮ ತಾತ ಅವನ್ನು ಬಹಳ ಜೋಪಾನವಾಗಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಸಿಟ್ಟಿದ್ದರು. ನುಂಗಿರಲಿಲ್ಲ. “ಕಾಸು ಕೊಡದ ಮಾತ್ರೆಯಲ್ಲಿ ಪವರ್ ಇರಲ್ಲ” ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತಕ್ಕೆ ಮನೆಯವರ ಪೂರ್ಣ ಬೆಂಬಲವೂ ಇತ್ತು. ಕಾಸು ಕೊಡುವ ಪವರ್ ಎಂಥದ್ದೆಂದು ಆಮೇಲೆ ಎಲ್ಲರೂ ನೋಡಿದರು.

ಲಕ್ವ ಹೊಡೆದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಒಂದಿದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ತಾತ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕುಸಿದರು. ಮೊದಲ ಗಂಟೆ ‘ಗಾಳಿ ಸೋಕಿರಬೇಕು’ ಎಂಬ ಚರ್ಚೆಗೆ ಹೋಯಿತು. ಎರಡನೆಯದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿಗೆ ಹೋಯಿತು. ಮೂರನೆಯ ಗಂಟೆಯನ್ನು ಬೆಂಗಳೂರಿನ ಅಳಿಯಂದಿರು ಫೋನಿನಲ್ಲಿ ತೆಗೆದುಕೊಂಡರು. ಬೊಮ್ಮನಹಳ್ಳಿಯಲ್ಲಿರುವ ಈ ಅಳಿಯಂದಿರು ಡಾಕ್ಟರಲ್ಲ, ಆದರೆ ಡಾಕ್ಟರೊಬ್ಬರು ಅವರ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. “ಎಲ್ಲಿಗೂ ಕರ್ಕೊಂಡು ಹೋಗಬೇಡಿ ಮಾವ, ನಾನು ಕೇಳಿ ಹೇಳ್ತೀನಿ” ಎಂದರು. ಕೇಳಿ ಹೇಳುವ ಹೊತ್ತಿಗೆ ಊಟದ ಹೊತ್ತಾಗಿತ್ತು. 108 ಎರಡೂ ರಾಜ್ಯಗಳಲ್ಲಿ 2008ರಿಂದಲೇ ಓಡುತ್ತಿದೆ. ಆದರೆ ಅದು ಜಿಎಚ್‌ಗೆ ಕರ್ಕೊಂಡು ಹೋಗಿಬಿಡುತ್ತದೆ ಎಂಬ ಭಯಕ್ಕೆ ಯಾರೂ ಫೋನ್ ಮಾಡಲಿಲ್ಲ.

ಕೊನೆಗೆ ಒಂದು ಖಾಸಗಿ ಆಸ್ಪತ್ರೆ. ಗಡಿಯ ಯಾವ ಕಡೆಯದು ಎಂದು ಹೇಳುವುದಿಲ್ಲ. ಅಡ್ವಾನ್ಸ್ ಕಟ್ಟಿಸಿಕೊಳ್ಳುವ ಕೌಂಟರು ಎರಡೂ ಕಡೆ ಒಂದೇ ರೀತಿ ಇರುತ್ತದೆ. “ನಮ್ಮ ಹತ್ತಿರ ಕಾರ್ಡ್ ಇದೆ” ಎಂದು ಮಗ ಹೇಳಿದ. “ಸಿಸ್ಟಂನಲ್ಲಿ ನೋಡಬೇಕು” ಎಂದರು. ಸಿಸ್ಟಂ ಏನು ಹೇಳಿತೋ ಕೊನೆಯವರೆಗೂ ತಿಳಿಯಲಿಲ್ಲ. ತಮಿಳುನಾಡಿನಲ್ಲಿ ರಸ್ತೆ ಅಪಘಾತವಾದರೆ ಮೊದಲ 48 ಗಂಟೆಯ ಚಿಕಿತ್ಸೆಯನ್ನು ಸರ್ಕಾರವೇ ವಹಿಸಿಕೊಳ್ಳುವ ಯೋಜನೆ 2021ರ ಡಿಸೆಂಬರಿನಿಂದ ಇದೆ, ಗಾಯಾಳು ಯಾವ ರಾಜ್ಯದವನಾದರೂ ಸರಿ. ಆದರೆ ತಾತ ಹೆದ್ದಾರಿಯಲ್ಲಿ ಲಾರಿಗೆ ಅಡ್ಡ ಬೀಳದೆ ಸ್ವಂತ ಕೊಟ್ಟಿಗೆಯಲ್ಲಿ ಬಿದ್ದರು. ಮೊದಲಿನಿಂದಲೂ ಅವರಿಗೆ ವ್ಯವಹಾರ ಜ್ಞಾನ ಕಡಿಮೆ.

ಅಲ್ಲಿಂದ ಮುಂದೆ ಭಾಷೆಯ ಮೆರವಣಿಗೆ. ಬಿಲ್ಲಿಂಗಿನವರದು ತಮಿಳು. ನರ್ಸಮ್ಮ ಕೇರಳದವರು, ಅವರಷ್ಟೇ ಕೈಸನ್ನೆಯಲ್ಲಾದರೂ ಏನೋ ಹೇಳುತ್ತಿದ್ದರು. ಸೆಕ್ಯುರಿಟಿಯವನದು ಹಿಂದಿ. ಡಾಕ್ಟರು ಇಂಗ್ಲಿಷಿನಲ್ಲಿ, ಅದೂ ಮಾನಿಟರಿನ ಜೊತೆ ಮಾತಾಡುತ್ತಿದ್ದರು. ಒಪ್ಪಿಗೆ ಪತ್ರ ಎಂಬ ಇಂಗ್ಲಿಷ್ ಕಾಗದ ಬಂತು, ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕಿತ್ತು. ಚಿಕಿತ್ಸೆ ಏನು, ಅದರ ಅಪಾಯ ಏನು, ಬೇರೆ ದಾರಿ ಏನು ಎಂದು ವಿವರಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಇಲ್ಲಿ ವಿವರಣೆಯ ಕೆಲಸವನ್ನು ಆ ಪೆನ್ಸಿಲ್ ಗುರುತೇ ಮಾಡುತ್ತಿತ್ತು. ದಿನಕ್ಕೊಮ್ಮೆ ಹೊರಬೀಳುವ ವರದಿ: “ಕ್ರಿಟಿಕಲ್, ಬಟ್ ಸ್ಟೇಬಲ್.” ಮನೆಯವರಲ್ಲಿ ಅರ್ಧ ಜನ ಮೊದಲ ಪದ ಕೇಳಿ ಅತ್ತರು, ಇನ್ನರ್ಧ ಜನ ಕೊನೆಯ ಪದ ಕೇಳಿ ಕಾಫಿಗೆ ಹೋದರು.

ಇನ್ನು ಅಸಮಾಧಾನ. ನಮ್ಮ ಕುಟುಂಬಗಳ ಅಸಮಾಧಾನಕ್ಕೆ ಒಂದು ಶಿಸ್ತಿದೆ, ಅದು ಯಾವತ್ತೂ ಮೇಲಕ್ಕೆ ಹತ್ತುವುದಿಲ್ಲ. ದೊಡ್ಡಪ್ಪ ಸೆಕ್ಯುರಿಟಿಯವನನ್ನು ಬೈದರು. ಚಿಕ್ಕಪ್ಪ ಡ್ರಿಪ್ ಬದಲಿಸುವುದು ತಡವಾಯಿತೆಂದು ನರ್ಸಮ್ಮನನ್ನು ಅಳಿಸಿದರು. ಅಳಿಯಂದಿರು ಭಾನುವಾರ ಬಂದು ಲಿಫ್ಟಿನವನಿಗೆ ಸಂವಿಧಾನ ಬೋಧಿಸಿದರು. ಅಷ್ಟರಲ್ಲಿ ಡಾಕ್ಟರು ಕಾರಿಡಾರಿನಲ್ಲಿ ಕಂಡರು. ತಕ್ಷಣ ಮೂವರೂ ಕೈಕಟ್ಟಿ ನಿಂತು, “ನೀವೇ ದೇವರು ಸಾರ್” ಎಂದರು. ದೇವರು ಫೋನ್ ನೋಡುತ್ತ ಮುಂದೆ ಹೋದರು. ಉಳಿದ ಸಿಟ್ಟೆಲ್ಲ ಹಿರಿಸೊಸೆಯ ಪಾಲಿಗೆ. ಅಷ್ಟೂ ದಿನ ಐಸಿಯು ಮುಂದಿನ ಕುರ್ಚಿಯಲ್ಲಿ ಮಲಗಿದ್ದವಳು ಅವಳೊಬ್ಬಳೇ ಆದ್ದರಿಂದ ಎಲ್ಲರ ಕೈಗೂ ಸಿಗುತ್ತಿದ್ದಳು. “ಅವತ್ತು ಬೆಳಿಗ್ಗೆ ನೀನು ತಣ್ಣೀರು ಕೊಟ್ಟೆಯಂತೆ?” ಎಂದು ನಾದಿನಿ ಶುರುಮಾಡಿದಳು.

ಇದನ್ನು ಬಡವರ ಕಷ್ಟ ಅಂದುಕೊಳ್ಳಬೇಡಿ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡನ್ನು ಆಳಿದ ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಚೆನ್ನೈನ ಅಪೋಲೊ ಸೇರಿದರು. 75 ದಿನ ಒಳಗಿದ್ದು, ಡಿಸೆಂಬರ್ 5ರಂದು ತೀರಿಕೊಂಡರು. ಒಡಹುಟ್ಟಿದವನ ಮಗಳನ್ನೇ ಒಳಗೆ ಬಿಡಲಿಲ್ಲ, ಗೇಟಿನಿಂದಲೇ ವಾಪಸು ಕಳಿಸಿದರು. ಅಮ್ಮ ಇಡ್ಲಿ ತಿಂದರು ಎಂದು ಮಂತ್ರಿಗಳು ಹೇಳಿದರು. ಮರುವರ್ಷ ಅವರಲ್ಲೇ ಒಬ್ಬರಾದ ದಿಂಡಿಗಲ್ ಶ್ರೀನಿವಾಸನ್, ನಾವು ಹೇಳಿದ್ದು ಸುಳ್ಳು, ಕ್ಷಮಿಸಿ ಎಂದರು. ಆಸ್ಪತ್ರೆ ವಿಚಾರಣಾ ಆಯೋಗಕ್ಕೆ ಕೊಟ್ಟ ಲೆಕ್ಕದಲ್ಲಿ ಒಟ್ಟು ಬಿಲ್ಲು ₹6.85 ಕೋಟಿ, ಅದರಲ್ಲಿ ಊಟತಿಂಡಿಯದೇ ₹1.17 ಕೋಟಿ. ಇಡ್ಲಿ ಸುಳ್ಳಿರಬಹುದು, ಇಡ್ಲಿಯ ಬಿಲ್ಲು ಸುಳ್ಳಲ್ಲ. ನ್ಯಾಯಮೂರ್ತಿ ಆರುಮುಗಸ್ವಾಮಿ ಆಯೋಗ 2017ರಲ್ಲಿ ಕೂತು 2022ರಲ್ಲಿ ಎದ್ದು, ಕೆಲವರ ಮೇಲೆ ತನಿಖೆಯಾಗಲಿ ಎಂದಿತು. ಅದೇ ವರ್ಷ ಏಮ್ಸ್ ವೈದ್ಯರ ಮಂಡಳಿ, ಚಿಕಿತ್ಸೆ ಸರಿಯಾಗಿಯೇ ನಡೆದಿದೆ ಎಂದಿತು. ಮುಖ್ಯಮಂತ್ರಿಯ ಮನೆಯವರಿಗೇ ಐದು ವರ್ಷಕ್ಕೆ ಇಷ್ಟು ಉತ್ತರ ಸಿಕ್ಕಿದೆ. ತಳಿಯ ತಾತನ ಮನೆಯವರು ಐದನೇ ದಿನಕ್ಕೇ ಅವಸರ ಮಾಡುವುದು ಅತಿಯಾಯಿತು.

ಅವಸರ ಅತಿಯಾದರೆ ಏನಾಗುತ್ತದೆ ಎಂಬುದನ್ನೂ ಚೆನ್ನೈ ನೋಡಿದೆ. 2024ರ ನವೆಂಬರ್ 13ರಂದು ಗಿಂಡಿಯ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ, ತಾಯಿಯ ಕ್ಯಾನ್ಸರ್ ಚಿಕಿತ್ಸೆ ಸರಿಯಾಗಿಲ್ಲ ಎಂದು ಮಗ ವೈದ್ಯರಿಗೆ ಚಾಕು ಹಾಕಿದ. ವೈದ್ಯರು ಬದುಕಿಕೊಂಡರು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ನಗು ಬರುವುದು ಆಮೇಲೆ ನಡೆದದ್ದಕ್ಕೆ. ಕ್ಯಾಮೆರಾ, ಪೊಲೀಸು, ಜೊತೆಗೆ ಬಂದವರಿಗೆ ಕೈಪಟ್ಟಿ, ಎಲ್ಲದರ ಚರ್ಚೆಯೂ ಆಯಿತು. ರೋಗಿಯ ಮನೆಯವರ ಜೊತೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಚರ್ಚೆಗೆ ಮಾತ್ರ ಹೊತ್ತು ಸಾಲಲಿಲ್ಲ. ತಾರೀಖನ್ನೂ ನೋಡಿ. ಚಿಕಿತ್ಸೆಯೂ ಒಂದು ಸೇವೆ, ಕಾಸು ಕೊಟ್ಟವನು ಗ್ರಾಹಕರ ಕೋರ್ಟಿಗೆ ಹೋಗಬಹುದು ಎಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಒಂದು ನವೆಂಬರ್ 13ರಂದೇ, 1995ರಲ್ಲಿ. ಅಷ್ಟು ವರ್ಷಗಳಲ್ಲಿ ಆ ತೀರ್ಪು ನಮ್ಮ ವಾರ್ಡುಗಳ ತನಕ ನಡೆದು ಬರಲಿಲ್ಲ.

ನನ್ನ ಅನುಮಾನ ಏನೆಂದರೆ, ಆಸ್ಪತ್ರೆಗಳಿಗೆ ಕೂಗಾಡುವವರೆಂದರೆ ಒಳಗೊಳಗೇ ಇಷ್ಟ. ಗಾಜು ಒಡೆದವನನ್ನು ಏನು ಮಾಡಬೇಕೆಂದು ತಮಿಳುನಾಡಿನ 2008ರ ಕಾಯ್ದೆ ಹೇಳುತ್ತದೆ, ಕರ್ನಾಟಕದ 2009ರದ್ದೂ ಹೇಳುತ್ತದೆ. ಮೊದಲ ಕಲ್ಲು ಬಿದ್ದ ಕ್ಷಣದಿಂದ ಆಸ್ಪತ್ರೆಯೇ ನೊಂದವರ ಕಡೆ, ರೋಗಿಯ ಮಾತೇ ಇಲ್ಲ. ಕಷ್ಟ ಕೊಡುವವರು ಬೇರೆ. ಮೆಲ್ಲಗೆ ಬಂದು ಬಿಳಿ ಹಾಳೆಯಲ್ಲಿ “ಕೇಸ್ ಶೀಟಿನ ಪ್ರತಿ ಕೊಡಿ” ಎಂದು ಬರೆದು ಕೊಡುವವರು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ರೋಗಿ ಅಥವಾ ಅವರು ಒಪ್ಪಿದ ಮನೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ರೋಗಿ ಬಂದದ್ದು ಎಷ್ಟು ಗಂಟೆಗೆ, ಸ್ಕ್ಯಾನ್ ಎಷ್ಟು ಗಂಟೆಗೆ, ಇಂಜೆಕ್ಷನ್ ಕೊಟ್ಟರೋ ಇಲ್ಲವೋ, ಇಲ್ಲವಾದರೆ ಯಾಕೆ, ಎಲ್ಲ ಅದರಲ್ಲಿ ಇರಬೇಕು.

ತಾತ ಒಂಬತ್ತನೇ ದಿನ ಹೋದರು. ಪೂರ್ತಿ ಬಿಲ್ಲು ಕಟ್ಟಿದ ಮೇಲೆಯೇ ದೇಹ ಸಿಕ್ಕಿತು. ಬಾಕಿಗಾಗಿ ಹೆಣ ಹಿಡಿದಿಡಬಾರದು ಎಂದು ಕರ್ನಾಟಕ 2017ರಲ್ಲಿ ತನ್ನ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಿತ್ತು, ಆಗ ಖಾಸಗಿ ವೈದ್ಯರು ಬಾಗಿಲು ಹಾಕಿಕೊಂಡು ಮುಷ್ಕರ ಹೂಡಿದ್ದರು. ಕೇಂದ್ರದ ರೋಗಿ ಹಕ್ಕುಗಳ ಸನ್ನದೂ ಹಾಗೆಯೇ ಹೇಳುತ್ತದೆ. ಕ್ಯಾಷ್ ಕೌಂಟರಿನಲ್ಲಿ ಇವೆರಡನ್ನೂ ಯಾರೂ ಓದಿದಂತೆ ಕಾಣಲಿಲ್ಲ. ಮನೆಯವರೂ ಓದಿರಲಿಲ್ಲ, ಆದ್ದರಿಂದ ವ್ಯವಹಾರ ಸುಗಮವಾಗಿ ಮುಗಿಯಿತು.

ಹನ್ನೊಂದನೇ ದಿನದ ಊಟವಾದ ಮೇಲೆ ಜಗಲಿಯಲ್ಲಿ ಆಸ್ಪತ್ರೆಯ ಮರಣೋತ್ತರ ಪರೀಕ್ಷೆ ನಡೆಯಿತು. ಕೊಂದೇಬಿಟ್ಟರು, ದರೋಡೆಕೋರರು, ಸುಮ್ಮನೆ ಬಿಡಬಾರದು ಎಂದು ಎಲ್ಲರೂ ಒಪ್ಪಿದರು. ಮೊಮ್ಮಗಳು ಮೂಲೆಯಲ್ಲಿ ಕೂತಿದ್ದಳು. ಹೊಸೂರಿನ ಸಿಪ್‌ಕಾಟಿನ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಅಲ್ಲಿ ಒಂದು ಬೋಲ್ಟು ರಿಜೆಕ್ಟ್ ಆದರೂ ಯಾವ ಶಿಫ್ಟು, ಯಾವ ಮೆಷಿನ್, ಯಾಕೆ ಎಂದು ಬರೆದಿಡಬೇಕು. “ಕೇಸ್ ಶೀಟ್ ಕೇಳೋಣ ದೊಡ್ಡಪ್ಪ. ತಾತನ್ನ ಎಷ್ಟು ಹೊತ್ತಿಗೆ ಕರ್ಕೊಂಡು ಹೋದ್ವಿ, ಅವರು ಯಾವಾಗ ನೋಡಿದ್ರು, ಎಲ್ಲ ಅದರಲ್ಲಿರತ್ತೆ” ಎಂದಳು.

ಜಗಲಿಯಲ್ಲಿ ಸದ್ದು ನಿಂತಿತು. ಎಷ್ಟು ಹೊತ್ತಿಗೆ ಕರೆದುಕೊಂಡು ಹೋದೆವು ಎಂಬುದೂ ಅದರಲ್ಲಿರುತ್ತದೆಯೇ? ಚಿಕ್ಕಪ್ಪ ಎಲೆ ಅಡಿಕೆ ಹುಡುಕತೊಡಗಿದರು. ಅಳಿಯಂದಿರಿಗೆ ಅರ್ಜೆಂಟಾಗಿ ಒಂದು ಫೋನ್ ಬಂತು. “ಯಾಕಮ್ಮ ಅದೆಲ್ಲ? ಹೋದವರು ವಾಪಸ್ ಬರ್ತಾರಾ?” ಎಂದರು ದೊಡ್ಡಪ್ಪ, ಬಹಳ ಶಾಂತವಾಗಿ.

ಅವಳು ಅಜ್ಜಿಯ ಹತ್ತಿರ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು, ಸೋಮವಾರ ರಜೆ ಹಾಕಿ ಒಬ್ಬಳೇ ಹೋದಳು. ಅರ್ಜಿಯನ್ನು ಕೌಂಟರಿನ ಮೇಲಿಟ್ಟಳು. ಕೌಂಟರಿನ ಹುಡುಗಿ ಓದಿದಳು, ಒಳಗೆ ಹೋದಳು, ಮತ್ತೊಬ್ಬರು ಬಂದು ಓದಿದರು, ಅವರೂ ಒಳಗೆ ಹೋದರು. ಹತ್ತು ನಿಮಿಷದಲ್ಲಿ ಎಸಿ ರೂಮು, ಕುರ್ಚಿ, ಕಾಫಿ ಎಲ್ಲ ಒದಗಿದವು. ಎದುರಿಗೆ ಕೂತ ಮ್ಯಾನೇಜರು ಸ್ವಚ್ಛವಾದ ಕನ್ನಡದಲ್ಲಿ ಮಾತಾಡಿದರು. ಒಂಬತ್ತು ದಿನ ಆ ಕಟ್ಟಡದಲ್ಲಿ ಯಾರ ಬಾಯಲ್ಲೂ ಬರದ ಕನ್ನಡ.

“ಕೇಸ್ ಹಾಕ್ತೀರಾ ಮೇಡಂ?”

“ಇಲ್ಲ, ಓದ್ತೀನಿ.”

“ನಿಮ್ಮ ನೋವು ನಮಗೆ ಅರ್ಥ ಆಗತ್ತೆ ತಾಯಿ. ಆದರೆ ಹೋದವರು ವಾಪಸ್ ಬರ್ತಾರಾ?”

ಮನೆಯವರೂ ಆಸ್ಪತ್ರೆಯವರೂ ಅಷ್ಟು ದಿನದಲ್ಲಿ ಒಮ್ಮತಕ್ಕೆ ಬಂದಿದ್ದು ಇದೊಂದೇ ವಿಷಯದಲ್ಲಿ. ಅವಳು ಅರ್ಜಿಯ ಎರಡನೇ ಪ್ರತಿಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು. “ಇದರ ಮೇಲೆ ಸೀಲ್ ಹಾಕಿ, ಟೈಮ್ ಬರೆದು ಕೊಡಿ ಸಾರ್.”