‘ಚಪ್ಪಾಳೆ ತಟ್ಟಿ ನೋಡಿದರು, ಎಕೋ ಉಂಟು ಅಂದರು’

ಕಾರ್ಕಳದಿಂದ ನಿಟ್ಟೆ ದಾಟಿ ಪಡುಬಿದ್ರಿಗೆ ಇಳಿಯುವ ರಸ್ತೆಯ ಬದಿಯಲ್ಲಿರುವ ಈ ಸಭಾಭವನ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿತು. ಎದುರಿಗೆ ಮದುವೆ ಸೀಸನ್ ಉಂಟು, ಸುಮ್ಮನೆ ಯಾಕೆ ಎಂಬುದು ಅದರ ಲೆಕ್ಕ. ಸಣ್ಣ ಉದ್ಯಮಿಗಳ ಸಮ್ಮೇಳನಕ್ಕೆ ಜಾಗ ಹುಡುಕುವ ಸಮಿತಿ ಆಗಷ್ಟೇ ಬಂದು ಹೋಗಿತ್ತು. ಅಂಗಳದ ಕೆಸರಿನಲ್ಲಿ ಇನೋವಾದ ಟೈರಿನ ಗುರುತು ಇನ್ನೂ ಹಸಿಯಾಗಿತ್ತು.

ಸಮಿತಿಯವರು ಏನು ಹೇಳಿದರು?

ಎಂತ ಹೇಳ್ತಾರೆ ಮಾರಾಯ್ರೆ? ಒಳಗೆ ಬಂದವರೇ ಒಬ್ಬರು ನಡುವಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ‘ಎಕೋ ಉಂಟು’ ಅಂದರು. ಎಂಟುನೂರು ಜನ ಕೂರುವ ಜಾಗದಲ್ಲಿ ಏಳು ಜನ ನಿಂತು ಚಪ್ಪಾಳೆ ತಟ್ಟಿದರೆ ಎಕೋ ಬಾರದೆ ಮತ್ತೆಂತ ಬರ್ತದೆ? ಮದುವೆಗೆ ಬಂದು ನೋಡಿ. ರೇಷ್ಮೆ ಸೀರೆ ಉಟ್ಟ ಮುನ್ನೂರು ಹೆಂಗಸರು ಕೂತರೆ ಓಲಗದ ಶಬ್ದ ಕೂಡ ಅರ್ಧಕ್ಕರ್ಧ ಇಂಗಿ ಹೋಗ್ತದೆ. ಇನ್ನೊಬ್ಬರು ಸ್ಟೇಜಿನ ಅಗಲವನ್ನು ಹೆಜ್ಜೆ ಹಾಕಿ ಅಳೆದರು, ಬ್ಯಾಕ್‌ಡ್ರಾಪ್ ಫ್ಲೆಕ್ಸಿಗೆ. ಪ್ಲಗ್ ಪಾಯಿಂಟ್ ಎಷ್ಟುಂಟು ಅಂತ ಯಾರೂ ಕೇಳಲಿಲ್ಲ. ಕೇಳದ್ದೇ ಒಳ್ಳೆಯದಾಯಿತು. ಇರುವುದು ಎರಡು: ಒಂದು ಮೈಕಿನವನಿಗೆ, ಒಂದು ವಿಡಿಯೋದವನಿಗೆ.

ಶೌಚಾಲಯ?

ಅದನ್ನು ನೋಡಿದ್ದು ಡ್ರೈವರ್ ಮಾತ್ರ.

ಮತ್ತೆ ಬೇಡ ಅಂದದ್ದು ಯಾಕೆ?

‘ಸಿಟಿ ಫೀಲ್ ಇಲ್ಲ’ ಅಂತೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಆಯಿತಲ್ಲ, ಅಧ್ಯಕ್ಷರು ಅಲ್ಲಿಗೆ ಹೋಗಿ ಬಂದವರು. ಕೊರಳಿಗೆ ಹಾಕಿದ ಆ ಕಾರ್ಡು ಈಗಲೂ ಅವರ ಕಾರಿನ ಕನ್ನಡಿಯಲ್ಲಿ ನೇತಾಡ್ತದೆ. ಅಲ್ಲಿಂದ ಬಂದ ಮೇಲೆ ಅವರಿಗೆ ನಮ್ಮ ಕಡೆಯ ಸೀಲಿಂಗ್ ಎಲ್ಲ ತಗ್ಗಾಗಿ ಕಾಣ್ತದೆ. ನಿಮಗೊಂದು ತಮಾಷೆ ಹೇಳ್ತೇನೆ. 1986ರಲ್ಲಿ ಈ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಆಯಿತು. ಆಗ ಇಲ್ಲಿ ಯಾವ ಸಿಟಿ ಫೀಲ್ ಇತ್ತು? ಊರೂರಿನ ಮಕ್ಕಳು ಟ್ರಂಕು ಹಿಡಿದುಕೊಂಡು ಬರಲಿಲ್ಲವಾ? ಕಲಿಯಲಿಕ್ಕೆ ಮಕ್ಕಳು ನಿಟ್ಟೆಗೆ ಬರಬಹುದು, ಅಪ್ಪಂದಿರು ಪವರ್‌ಪಾಯಿಂಟ್ ನೋಡಲಿಕ್ಕೆ ಮಾತ್ರ ಬೆಂಗಳೂರಿಗೇ ಹೋಗಬೇಕು.

ಬೇರೆ ಜಾಗಗಳನ್ನೂ ನೋಡಿದ್ದಾರಂತೆ?

ನೋಡದೆ? ಕಾಪುವಿನಲ್ಲಿ ಸಮುದ್ರದ ಬದಿ ನೋಡಿದರು. 1901ರ ದೀಪಸ್ತಂಭ ಹಿಂದೆ ಕಾಣುವ ಹಾಗೆ ಫೋಟೋ ಹೊಡೆದುಕೊಂಡರು. ಆದರೆ ಮಳೆಗಾಲದ ಕಡಲು ಯಾವ ಭಾಷಣಕಾರನಿಗೂ ಮಾತಾಡಲಿಕ್ಕೆ ಬಿಡುವುದಿಲ್ಲ. (ನನ್ನ ಪ್ರಕಾರ ಅದೊಂದೇ ಕಾರಣಕ್ಕೆ ಅಲ್ಲೇ ಇಡಬೇಕಿತ್ತು.) ಜನವರಿಗೆ ಉಡುಪಿ ಅಂತ ಹೊರಟರು. ಸಮವರ್ಷದ ಜನವರಿ 18 ಅಂದರೆ ಪರ್ಯಾಯ, ರೂಮು ಸಿಗುವುದು ಭಂಗ. ಮಣಿಪಾಲದಲ್ಲಿ ಪಾರ್ಕಿಂಗ್ ಚರ್ಚೆಯಲ್ಲೇ ಊಟದ ಹೊತ್ತಾಯಿತು.

ಮತ್ತೆ ಖಜಾಂಚಿ ಒಂದು ಬಾಂಬ್ ಹಾಕಿದರು: ದೇವಸ್ಥಾನದ ಆವರಣದ ಸಭಾಭವನ. ಅದರ ಬಾಡಿಗೆ ದಿನಕ್ಕೆ 10,000 ರೂಪಾಯಿಯ ಒಳಗಿದ್ದರೆ ಜಿಎಸ್‌ಟಿ ಇಲ್ಲ. ನನಗಾದರೆ ಶೇಕಡಾ 18 ಕಟ್ಟಬೇಕು. ಎಲ್ಲರೂ ತಲೆದೂಗಿದರು. ಆಗ ಹಿಂದಿನಿಂದ ಒಬ್ಬರು ಮೆಲ್ಲ ಕೇಳಿದರು: ‘ಅಲ್ಲಿ ಮೀನು?’ ಮೀನಿಲ್ಲ, ಕೋರಿ ರೊಟ್ಟಿ ಇಲ್ಲ. ತೆರಿಗೆ ಉಳಿತಾಯದ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು. ನಮ್ಮ ಜಿಲ್ಲೆಯಲ್ಲಿ ಅಂಜಲ್ ಫ್ರೈ ಇಲ್ಲದೆ ಯಾವ ಆರ್ಥಿಕತೆಯೂ ಚೇತರಿಸುವುದಿಲ್ಲ.

ನೀವೂ ಸ್ವಲ್ಪ ರೇಟು ಇಳಿಸಬಹುದಿತ್ತಲ್ಲ?

ಇಳಿಸಿದೆ. ‘ಆಟಿಯಲ್ಲಿ ಬನ್ನಿ’ ಅಂದೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ನನ್ನ ಕುರ್ಚಿಗಳು ಒಂದರ ಮೇಲೊಂದು ಹತ್ತಿ ಕೂತು ಬೂಸಲು ಹಿಡೀತವೆ. ಆದರೆ ಬಲೆ ಹಾಕುವ ದೊಡ್ಡ ಬೋಟುಗಳಿಗೆ ಜುಲೈ 31ರವರೆಗೆ ರಜೆಯಲ್ಲವಾ? ಹಾಲ್ ಅಗ್ಗ ಆಗುವ ಹೊತ್ತಿಗೆ ಮೀನು ದುಬಾರಿ. ಪತ್ರೊಡೆ ಮಾಡಿಸುವ ಅಂದೆ. ‘ಡೆಲಿಗೇಟ್‌ಗಳಿಗೆ ಪತ್ರೊಡೆಯಾ?’ ಅಂತ ನಕ್ಕರು. ಅದನ್ನೇ ಸ್ಟಾರ್ ಹೋಟೆಲಿನಲ್ಲಿ ಸಣ್ಣ ತಟ್ಟೆಯಲ್ಲಿ ಎರಡು ತುಂಡು ಇಟ್ಟು ಕೊಟ್ಟರೆ ಮೊಬೈಲಿನಲ್ಲಿ ಫೋಟೋ ತೆಗೀತಾರೆ.

ಬೆಂಗಳೂರಿನಲ್ಲಿ ಇಟ್ಟರೆ ದೊಡ್ಡ ದೊಡ್ಡವರು ಬರುತ್ತಾರೆ ಎಂಬುದು ಸಮಿತಿಯ ವಾದ.

ಬರ್ತಾರೆ, ಹೌದು. ಯಾರು ಬರುವುದಿಲ್ಲ ಅಂತ ಕೇಳಿ. ಇಲ್ಲಿ ಹತ್ತಿರದಲ್ಲೇ ಒಬ್ಬ ಗೇರುಬೀಜದ ಫ್ಯಾಕ್ಟರಿಯವ ಇದ್ದಾನೆ. ಬೆಂಗಳೂರು ಅಂದರೆ ಅವನಿಗೆ ಎರಡು ರಾತ್ರಿ ಬಸ್ಸು, ಒಂದು ಹಗಲು ಹೋಟೆಲು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಇನ್ನೊಂದು ದಿನ. ಅಷ್ಟು ಹೊತ್ತು ಬಾಯ್ಲರ್ ನೋಡುವುದು ಯಾರು? ಬೀಜ ಸಿಪ್ಪೆ ತೆಗೆಯುವ ಹೆಂಗಸರ ಶನಿವಾರದ ಬಟವಾಡೆ ಮಾಡುವುದು ಯಾರು? ಅವನು ಬರುವುದಿಲ್ಲ. ಬನ್ಸ್ ಮಾಡುವ ಬೇಕರಿಯವನೂ ಬರುವುದಿಲ್ಲ, ಕಲ್ಲು ಕೆತ್ತುವವನೂ ಬರುವುದಿಲ್ಲ. ಬರುವುದು ಸಾಲ ಕೊಡುವವರು, ಸಾಫ್ಟ್‌ವೇರ್ ಮಾರುವವರು, ‘ನಿಮ್ಮೊಳಗಿನ ಸಿಂಹವನ್ನು ಎಬ್ಬಿಸಿ’ ಅಂತ ಹೇಳಿ ಸಂಜೆ ವಿಮಾನ ಹತ್ತುವವರು.

ಸರಕಾರದ ಲೆಕ್ಕದಲ್ಲಿ 2025ರ ಏಪ್ರಿಲ್‌ನಿಂದ ವರ್ಷಕ್ಕೆ 100 ಕೋಟಿ ವಹಿವಾಟು ಇದ್ದವರೂ ‘ಸಣ್ಣ ಉದ್ಯಮ’ವೇ. ದಿನಕ್ಕೆ ನೂರು ಬನ್ಸ್ ಮಾರುವವನಂತೂ ಸಣ್ಣವನೇ. ಜಾಗ ಆರಿಸುವ ಸಮಿತಿಯಲ್ಲಿ ಬನ್ಸಿನವನನ್ನು ನಾನು ಒಮ್ಮೆಯೂ ಕಂಡಿಲ್ಲ.

ಆದರೂ ದೊಡ್ಡ ಊರಿನ ಸಂಪರ್ಕ ಬೇಕಲ್ಲವೇ?

ಬೇಕು, ಬೇಡ ಅನ್ನಲಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು, ಅಂದರೆ ಟಿ.ಎಂ.ಎ. ಪೈಗಳು, ಪಿಗ್ಮಿ ಉಳಿತಾಯ ಶುರು ಮಾಡಿದ್ದು ಹೇಗೆ ಗೊತ್ತುಂಟಾ? ದಿನಕ್ಕೆ ಎರಡಾಣೆ. ಏಜೆಂಟನೇ ಅಂಗಡಿ ಬಾಗಿಲಿಗೆ ಹೋಗಿ ಎತ್ತಿಕೊಂಡು ಬರುವುದು. ಅವರು ದೊಡ್ಡ ಹಾಲ್ ಬುಕ್ ಮಾಡಿ, ನೇಕಾರರನ್ನೆಲ್ಲ ಕರೆಸಿ, ‘ಉಳಿತಾಯದ ಭವಿಷ್ಯ’ ಅಂತ ಪ್ಯಾನಲ್ ಇಟ್ಟಿದ್ದರೆ ಎರಡಾಣೆ ಬಸ್ಸಿಗೇ ಸಾಕಾಗುತ್ತಿರಲಿಲ್ಲ.

ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತಲ್ಲ?

ಆ ಮೀಟಿಂಗು ನನ್ನಲ್ಲಿ ಆದದ್ದಲ್ಲ ಮಾರಾಯ್ರೆ. ಅದು ದಿಲ್ಲಿಯಲ್ಲಿ ಆದದ್ದು. ಅಲ್ಲಿ ಎಕೋ ಇರಲಿಲ್ಲ ಅಂತ ಕಾಣ್ತದೆ.

ಸಮ್ಮೇಳನದಲ್ಲಿ ನಿಜವಾದ ವ್ಯವಹಾರ ನಡೆಯುವುದು ಎಲ್ಲಿ?

ಊಟದ ಸಾಲಿನಲ್ಲಿ. ಸ್ಟೇಜಿನ ಎದುರಲ್ಲಿ ವ್ಯವಹಾರ ಆದದ್ದು ನಾನು ನೋಡಲಿಲ್ಲ. ಅಲ್ಲಿ ಹಿಂದಿನ ಕುರ್ಚಿಗಳು ಮೊದಲು ತುಂಬುತ್ತವೆ, ಮುಂದಿನ ಸೋಫಾ ಗಣ್ಯರನ್ನು ಕಾಯ್ತಾ ಇರ್ತದೆ. ಕೈತೊಳೆಯುವ ನಳ್ಳಿಯ ಹತ್ತಿರ ನೋಡಿ. ‘ನಿಮ್ಮ ಪ್ಯಾಕಿಂಗ್ ಯಾರು ಮಾಡುವುದು? ಪಾವತಿ ಎಷ್ಟು ದಿನಕ್ಕೆ ಬರ್ತದೆ?’ ಒದ್ದೆ ಕೈಯಲ್ಲೇ ನಂಬರ್ ಕೊಡ್ತಾರೆ. ನನ್ನಲ್ಲಿ ನಳ್ಳಿಗಳು ಒಂದರ ಪಕ್ಕ ಒಂದು ಇವೆ. ಸಮಿತಿಯವರು ಅದನ್ನು ನೋಡದೆ ಹೋದರು.

ಕೊನೆಗೆ ಜಾಗ ಎಲ್ಲಿ ಅಂತ ತೀರ್ಮಾನವಾಯಿತೇ?

ಮಂಗಳೂರೋ ಬೆಂಗಳೂರೋ ಅಂತ ಎರಡು ಪಂಗಡ ಆಗಿದೆ. ತೀರ್ಮಾನ ಮಾಡುವ ಸಭೆ ಬರುವ ಭಾನುವಾರ.

ಸಭೆ ಎಲ್ಲಿ?

ಇಲ್ಲೇ, ನನ್ನ ಊಟದ ಹಾಲಿನಲ್ಲಿ. ಬಾಡಿಗೆ ಇಲ್ಲ, ನಮ್ಮೂರಿನವರಲ್ಲವಾ. ಗೋಳಿಬಜೆ, ಚಾ ಮಾತ್ರ ಅವರದ್ದು. ಫ್ಲೆಕ್ಸ್ ಈಗಾಗಲೇ ಕಾರ್ಕಳದಲ್ಲಿ ಪ್ರಿಂಟಾಗಿದೆ: ‘ಸ್ಥಳೀಯರೊಂದಿಗೆ, ಸ್ಥಳೀಯರಿಗಾಗಿ’. ಕೆಳಗೆ ‘ಸ್ಥಳ’ ಅಂತ ಬರೆದು ಸ್ಟಿಕ್ಕರ್ ಅಂಟಿಸಲಿಕ್ಕೆ ಜಾಗ ಬಿಟ್ಟಿದ್ದಾರೆ.